ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಿಮೆ ಖರ್ಚಿನಲ್ಲಿ ಮನೆಯ ಕಂಪ್ಯೂಟರಿಗೆ ರೆಕ್ಕೆ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ತೆರೆಯಿತು, ಬೀದರಿನ ನಾಗರಿಕ ಟರ್ಮಿನಲ್ 2020ರ ಫೆಬ್ರುವರಿಯಲ್ಲಿ. ಅದೇ 2020ರ ಆಗಸ್ಟಿನಲ್ಲಿ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ಹೊಸ ಆವೃತ್ತಿ ಬಂತು. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದಿರುವ ಪತ್ರಗಳೆಲ್ಲ ಮನೆಯಲ್ಲಿ ಕೂತು ವಿಮಾನ ಹಾರಿಸುವವರದ್ದೇ. ಬಹುತೇಕರ ಪ್ರಶ್ನೆ ಒಂದೇ ಕಡೆ ಬಂದು ನಿಲ್ಲುತ್ತದೆ: ಇರುವ ಹಣದಲ್ಲಿ ಮೊದಲು ಯಾವುದನ್ನು ಬದಲಿಸಬೇಕು?

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಇಂಟೆಲ್ ಐ5-6500 ಪ್ರೊಸೆಸರ್, ಎಚ್‌110 ಮದರ್‌ಬೋರ್ಡ್, 8 ಜಿಬಿಯ ಒಂದೇ ರ್ಯಾಮ್ ಸ್ಟಿಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಕಲಬುರಗಿಯಿಂದ ಏರುವಾಗ ಸೆಕೆಂಡಿಗೆ 35 ಫ್ರೇಮ್ (ಪರದೆಯ ಚಿತ್ರ) ಬರುತ್ತದೆ. ಮುಂಬೈಯಲ್ಲಿ ಇಳಿಯುವ ಹೊತ್ತಿಗೆ 14ಕ್ಕೆ ಬಿದ್ದು ಚಿತ್ರ ನಿಂತು ನಿಂತು ಓಡುತ್ತದೆ. ಕೈಯಲ್ಲಿ 20 ಸಾವಿರ ರೂಪಾಯಿ ಇದೆ. ಅಂಗಡಿಯವರು ಅಷ್ಟೂ ಹಣ ಆರ್‌ಎಕ್ಸ್ 6600 ಕಾರ್ಡಿಗೆ ಹಾಕಿ ಅನ್ನುತ್ತಾರೆ. ಹಾಕಲೇ? – ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ಈಗಲೇ ಬೇಡ. ಕಾರ್ಡ್ ಒಳ್ಳೆಯದೇ, ಆದರೆ ನಿಮ್ಮ ತೊಂದರೆ ಕಾರ್ಡಿನದ್ದಲ್ಲ ಅನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಸುಳಿವಿದೆ. ಕಲಬುರಗಿ ನಿಲ್ದಾಣದ ಸುತ್ತ ಬಯಲು, ಕಟ್ಟಡ ಕಡಿಮೆ. ಮುಂಬೈಯಲ್ಲಿ ಸಾವಿರಾರು ಕಟ್ಟಡ, ನೆಲದ ಮೇಲೆ ನಿಂತ ವಿಮಾನಗಳು, ರಸ್ತೆ ತುಂಬ ವಾಹನ. ಇವನ್ನೆಲ್ಲ ಲೆಕ್ಕ ಹಾಕಿ ಯಾವುದು ಎಲ್ಲಿದೆ ಎಂದು ತೀರ್ಮಾನಿಸುವುದು ಪ್ರೊಸೆಸರ್. ಅದರಲ್ಲೂ ಮುಖ್ಯ ಕೆಲಸ ಒಂದೇ ಕೋರ್ (ಪ್ರೊಸೆಸರಿನೊಳಗಿನ ಲೆಕ್ಕದ ಘಟಕ) ಮೇಲೆ ಬೀಳುತ್ತದೆ. ಹಂಚು ಎಷ್ಟೇ ದೊಡ್ಡದಿರಲಿ, ರೊಟ್ಟಿ ಬಡಿಯುವ ಕೈ ಒಬ್ಬರದೇ ಆದರೆ ಪಂಕ್ತಿ ಕಾಯಲೇಬೇಕು. ಇಲ್ಲಿ ಹಂಚು ಎಂದರೆ ಗ್ರಾಫಿಕ್ಸ್ ಕಾರ್ಡ್, ಕೈ ಎಂದರೆ ಪ್ರೊಸೆಸರಿನ ಆ ಒಂದು ಕೋರ್.

ಊಹೆಯ ಮೇಲೆ ಹಣ ಹಾಕಬೇಡಿ, ಅಳೆದು ನೋಡಿ. ಸಿಮ್ಯುಲೇಟರಿನ ಜನರಲ್ ಆಪ್ಷನ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ. ಮೇಲೆ ಬರುವ ಪಟ್ಟಿಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ತೋರಿಸುವ ಆಯ್ಕೆ ಇದೆ. ಅಲ್ಲಿ 'ಲಿಮಿಟೆಡ್ ಬೈ ಮೇನ್‌ಥ್ರೆಡ್' ಎಂದು ಬಂದರೆ ತಡೆ ಪ್ರೊಸೆಸರಿನದ್ದು. 'ಲಿಮಿಟೆಡ್ ಬೈ ಜಿಪಿಯು' ಎಂದು ಬಂದರೆ ಕಾರ್ಡಿನದ್ದು. ಪಕ್ಕದಲ್ಲೇ ಒಂದೊಂದು ಫ್ರೇಮಿಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದೂ ಇರುತ್ತದೆ. ಸೆಕೆಂಡಿಗೆ 30 ಫ್ರೇಮ್ ಬೇಕೆಂದರೆ ಆ ಲೆಕ್ಕ 33 ಮಿಲಿಸೆಕೆಂಡ್ ದಾಟಬಾರದು.

ಅಳೆಯಲು ಒಂದು ಖಾಯಂ ದಾರಿ ಇಟ್ಟುಕೊಳ್ಳಿ: ಸೆಸ್ನಾ 172ರಲ್ಲಿ ಕಲಬುರಗಿಯಿಂದ ಬೀದರಿಗೆ, 5,500 ಅಡಿ ಎತ್ತರದಲ್ಲಿ. ಈಶಾನ್ಯ ದಿಕ್ಕಿಗೆ ನೇರ ದೂರ ಸುಮಾರು 87 ಕಿಲೋಮೀಟರ್, ಅರ್ಧ ತಾಸಿನೊಳಗಿನ ಹಾರಾಟ. ಹೆಸರಿನಿಂದ ಹುಡುಕಿ ನಿಲ್ದಾಣ ಸಿಗದಿದ್ದರೆ ಸಂಕೇತ ಹಾಕಿ: ಕಲಬುರಗಿಗೆ ವಿಒಜಿಬಿ, ಬೀದರಿಗೆ ವಿಒಬಿಆರ್. ಲೈವ್ ಹವಾಮಾನ, ಲೈವ್ ವಿಮಾನ ಸಂಚಾರ ಎರಡನ್ನೂ ಆಫ್ ಮಾಡಿ, ಸಮಯ ಮಧ್ಯಾಹ್ನ 12, ಮೋಡವಿಲ್ಲದ ಆಕಾಶ. ಇಲ್ಲದಿದ್ದರೆ ಇವತ್ತಿನ ಅಂಕಿಗೂ ನಾಳೆಯ ಅಂಕಿಗೂ ಹೋಲಿಕೆಯೇ ಕೂಡುವುದಿಲ್ಲ. ಬಳಿಕ ಇದೇ ರೀತಿ ಮುಂಬೈಯಲ್ಲಿ ಒಂದು ಸಲ ಇಳಿಯಿರಿ. ಎರಡರ ಅಂಕಿಯನ್ನೂ ಹಾಳೆಯ ಮೇಲೆ ಬರೆದಿಡಿ.

ಈಗ ರೆಂಡರ್ ಸ್ಕೇಲಿಂಗ್ (ಚಿತ್ರವನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸಬೇಕೆಂಬ ಸೆಟ್ಟಿಂಗ್) 100ರಿಂದ 60ಕ್ಕೆ ಇಳಿಸಿ. ಇದು ಕಾರ್ಡಿನ ಹೊರೆಯನ್ನು ಮಾತ್ರ ಇಳಿಸುತ್ತದೆ. ಮುಂಬೈಯಲ್ಲಿ ಫ್ರೇಮ್ ಏರದಿದ್ದರೆ 20 ಸಾವಿರದ ಕಾರ್ಡ್ ಹಾಕಿದರೂ ಏರುವುದಿಲ್ಲ. ಸ್ಕೇಲಿಂಗನ್ನು ಮತ್ತೆ 100ಕ್ಕೆ ತಂದು, ಟೆರೇನ್ ಲೆವೆಲ್ ಆಫ್ ಡಿಟೇಲನ್ನು (ನೆಲದ ವಿವರದ ಮಟ್ಟ) 60–70ಕ್ಕೆ, ವಿಮಾನ ನಿಲ್ದಾಣದ ವಾಹನ, ಸಿಬ್ಬಂದಿ, ನಿಂತ ವಿಮಾನಗಳನ್ನು 10–20ಕ್ಕೆ, ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟನ್ನು ಕೆಳಗಿನ ಹಂತಕ್ಕೆ ಇಳಿಸಿ ನೋಡಿ. ಇವೆಲ್ಲ ಪ್ರೊಸೆಸರಿನ ಹೊರೆ. ಇಲ್ಲಿ ಫ್ರೇಮ್ ಏರಿದರೆ ಒಂದು ರೂಪಾಯಿ ಖರ್ಚಿಲ್ಲದೆ ರೋಗ ಯಾವುದೆಂದು ಗೊತ್ತಾಯಿತು, ಅರ್ಧ ಔಷಧವೂ ಸಿಕ್ಕಿತು. ಪರದೆ ತುಂಬ ಡಿಜಿಟಲ್ ಮೀಟರುಗಳಿರುವ ಏರ್‌ಬಸ್ ಎ320ಕ್ಕಿಂತ ಮುಳ್ಳಿನ ಮೀಟರುಗಳ ಸೆಸ್ನಾ ಹಗುರವಾಗಿ ಓಡುವುದೂ ಇದೇ ಕಾರಣಕ್ಕೆ.

ನಿಂತು ನಿಂತು ಓಡುವುದಕ್ಕೆ ಇನ್ನೊಂದು ಕಾರಣವಿದೆ. ಫ್ಲೈಟ್ ಸಿಮ್ಯುಲೇಟರ್ 2020ಕ್ಕೆ 8 ಜಿಬಿ ರ್ಯಾಮ್ ಕನಿಷ್ಠ, 16 ಜಿಬಿ ಶಿಫಾರಸು. ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ಸಾಲದೆ, ಮಿಕ್ಕಿದ್ದು ಹಾರ್ಡ್ ಡಿಸ್ಕಿಗೆ ಹೋಗಿ ಬರುತ್ತಿರುತ್ತದೆ. ಆ ಹೋಗಿ ಬರುವ ಹೊತ್ತಿಗೇ ಚಿತ್ರ ನಿಲ್ಲುವುದು. ಹಾರಾಟದ ನಡುವೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ: ಮೆಮೊರಿ 90 ಶೇಕಡಾ ದಾಟಿ ಡಿಸ್ಕ್ 100ರಲ್ಲಿ ನಿಂತಿದ್ದರೆ ಕಾರಣ ಇದೇ. ಹಾಗಾಗಿ ಮೊದಲ ಖರ್ಚು ಇನ್ನೊಂದು 8 ಜಿಬಿ ಸ್ಟಿಕ್, ಎರಡನೆಯದು 500 ಜಿಬಿ ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್. ಎರಡು ಸ್ಟಿಕ್ ಇದ್ದರೆ ರ್ಯಾಮ್ ಎರಡು ದಾರಿಯಲ್ಲಿ ಕೆಲಸ ಮಾಡುವುದರಿಂದ ಪ್ರೊಸೆಸರಿಗೂ ನೆರವಾಗುತ್ತದೆ. ಎಚ್‌110 ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್3 ರ್ಯಾಮ್ ಇರುತ್ತದೆ, ಹೆಚ್ಚಿನವಕ್ಕೆ ಡಿಡಿಆರ್4. ಹಳೆಯ ಸ್ಟಿಕ್ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದೇ ಸರಿ. ರ್ಯಾಮ್ ಬೆಲೆ ಏರಿಳಿಯುತ್ತಿರುತ್ತದೆ, ಎರಡು ಕಡೆ ಕೇಳಿ. ಎಸ್‌ಎಸ್‌ಡಿಯಲ್ಲಿ ಇನ್ನೂ ವೇಗದ ಎನ್‌ವಿಎಂಇ ಬಗೆಗಾಗಿ ಪಟ್ಟು ಹಿಡಿಯಬೇಡಿ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಹೋದಾಗ ಸಿಗುವ ಲಾಭ ದೊಡ್ಡದು, ಅಲ್ಲಿಂದ ಮುಂದಕ್ಕೆ ಸಿಮ್ಯುಲೇಟರಿನಲ್ಲಿ ವ್ಯತ್ಯಾಸ ಸಣ್ಣದು. ವಿಂಡೋಸ್ ಮತ್ತು ಸಿಮ್ಯುಲೇಟರ್ ಎರಡೂ ಎಸ್‌ಎಸ್‌ಡಿ ಮೇಲಿರಲಿ.

ಉಳಿದ ಹಣ ಪ್ರೊಸೆಸರಿಗೆ. ನಿಮ್ಮ ಬೋರ್ಡಿಗೆ ಕೂಡುವ ಅತ್ಯುತ್ತಮ ಪ್ರೊಸೆಸರುಗಳಲ್ಲಿ ಐ7-7700 ಒಂದು, 4 ಕೋರ್ 8 ಥ್ರೆಡ್ (ಒಂದೊಂದು ಕೋರ್ ಎರಡು ಕೆಲಸ ಒಟ್ಟಿಗೆ ಹಿಡಿಯುತ್ತದೆ). ಅದು ಈಗ ಸೆಕೆಂಡ್ ಹ್ಯಾಂಡ್ ಮಾತ್ರ. ಹಾಕುವ ಮುಂಚೆ, ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಬೇಕು; ಆಮೇಲೆ ಮಾಡುತ್ತೇನೆಂದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. 8 ಅಥವಾ 9ನೇ ತಲೆಮಾರಿನ ಚಿಪ್ ನೋಡಲು ಹಾಗೇ ಇದೆ, ಸಾಕೆಟಿನಲ್ಲಿ ಕೂರುತ್ತದೆ, ಆದರೆ ಓಡುವುದಿಲ್ಲ. ಹಳೆಯ ಚಿಪ್ ಮಾರುವವರು ಈ ಮಾತು ಹೇಳುವುದಿಲ್ಲ.

ನಮ್ಮನ್ನು ಕೇಳಿದರೆ ಐ7-7700ಕ್ಕೆ ದುಡ್ಡು ಸುರಿಯುವುದು ಬೇಡ. 6 ಮತ್ತು 7ನೇ ತಲೆಮಾರಿನ ಸಾಮಾನ್ಯ ಪ್ರೊಸೆಸರುಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಐ3-12100ಎಫ್ ಚಿಪ್ ಮತ್ತು ಎಚ್‌610 ಬೋರ್ಡ್ ತೆಗೆದುಕೊಂಡರೆ ಅದೂ 4 ಕೋರ್ 8 ಥ್ರೆಡ್, ಆದರೆ ಒಂದೊಂದು ಕೋರ್ ಬಹಳ ಚುರುಕು. ಸಿಮ್ಯುಲೇಟರಿಗೆ ಬೇಕಾದದ್ದೇ ಅದು. ಎಚ್‌610ರಲ್ಲಿ ಡಿಡಿಆರ್4ರ ಮಾದರಿ ಕೇಳಿ ಪಡೆಯಿರಿ, ನಿಮ್ಮ ರ್ಯಾಮ್ ಡಿಡಿಆರ್4 ಆಗಿದ್ದರೆ ಅದು ಹಾಗೇ ಉಳಿಯುತ್ತದೆ. ಡಿಡಿಆರ್5ರ ಬೋರ್ಡ್ ಕೈಗೆ ಬಂದರೆ ರ್ಯಾಮ್ ಕೂಡ ಹೊಸದು ಕೊಳ್ಳಬೇಕಾಗುತ್ತದೆ. ಹೆಸರಿನ ಕೊನೆಯ 'ಎಫ್' ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು, ಹಾಗಾಗಿ 1050 ಟಿಐ ಮಾರಿಬಿಡಬೇಡಿ. 1080ಪಿ ಪರದೆಗೆ, ಮಧ್ಯಮ ಸೆಟ್ಟಿಂಗಿನಲ್ಲಿ, 30 ಫ್ರೇಮಿಗೆ ಕಟ್ಟಿಹಾಕಿ ಹಾರಿಸಲು ಅದು ಇನ್ನೂ ಕೆಲಸಕ್ಕೆ ಬರುತ್ತದೆ. ಕಾರ್ಡಿನ ಸರದಿ ಮುಂದಿನ ವರ್ಷ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 8 ಜಿಬಿ ಕಾರ್ಡ್ ಹಾಕಿದೆ. ಟೇಕಾಫ್ ಆಗಿ ಹತ್ತು ನಿಮಿಷಕ್ಕೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ದಾಖಲೆಯಲ್ಲಿ 'ಕರ್ನಲ್-ಪವರ್ 41' ಎಂದಿದೆ. ಕ್ಯಾಬಿನೆಟ್ ಜೊತೆ ಬಂದ 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ), 600 ವಿಎ ಯುಪಿಎಸ್ ಇದೆ. ಕಾರ್ಡ್ ಕೆಟ್ಟಿದೆಯೇ? – ಬೀದರ

ಉತ್ತರ: '41' ಅನ್ನುವುದು ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಹಠಾತ್ತನೆ ನಿಂತಿತು ಎಂದಷ್ಟೇ ಹೇಳುತ್ತದೆ, ಯಾಕೆ ನಿಂತಿತೆಂದು ಹೇಳುವುದಿಲ್ಲ. ಕಾರ್ಡಿನ ಮೇಲೆ ಅನುಮಾನ ಪಡುವ ಮುಂಚೆ ಎಸ್‌ಎಂಪಿಎಸ್‌ನ ಪಕ್ಕದ ಚೀಟಿ ಓದಿ. ದೊಡ್ಡದಾಗಿ ಬರೆದ 450 ಬಿಟ್ಟು, +12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದ. 12ನ್ನು ಆಂಪಿಯರಿನಿಂದ ಗುಣಿಸಿ. 18 ಆಂಪಿಯರ್ ಇದ್ದರೆ ನಿಜವಾದ ಬಲ 216 ವ್ಯಾಟ್ ಮಾತ್ರ. ಸರಿಯಾದ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಈ ಅಂಕಿ 36ರ ಆಸುಪಾಸಿನಲ್ಲಿರುತ್ತದೆ. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಕೇಳುತ್ತದೆ, ಕ್ಷಣಮಾತ್ರ ಅದಕ್ಕಿಂತಲೂ ಹೆಚ್ಚು ಎಳೆಯುತ್ತದೆ. ಪ್ರೊಸೆಸರಿಗೆ 65, ಡಿಸ್ಕ್, ಫ್ಯಾನ್, ಬೋರ್ಡಿಗೆ 50 ಸೇರಿಸಿ. 300 ಆಯಿತು.

ಖಚಿತ ಮಾಡಿಕೊಳ್ಳಲು ಸುಲಭ ಪರೀಕ್ಷೆ: ರೇಡಿಯಾನ್ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟ್ ಇಳಿಸಿ, 20 ಶೇಕಡಾ ಆಗುವುದಾದರೆ ಅಷ್ಟು. ಜೊತೆಗೆ ಸಿಮ್ಯುಲೇಟರನ್ನು 30 ಫ್ರೇಮಿಗೆ ಕಟ್ಟಿ ಒಂದು ತಾಸು ಹಾರಿಸಿ. ರೀಸ್ಟಾರ್ಟ್ ನಿಂತರೆ ದೋಷ ಬಹುಮಟ್ಟಿಗೆ ಎಸ್‌ಎಂಪಿಎಸ್ ಅಥವಾ ಯುಪಿಎಸ್‌ನದು. ಮುಂದೆ ಯುಪಿಎಸ್ ತಪ್ಪಿಸಿ, ನೇರ ಗೋಡೆಯ ಸಾಕೆಟಿಗೆ ಹಾಕಿ ಅದೇ ಹಾರಾಟ ಮಾಡಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಅದಕ್ಕೆ ಮಾನಿಟರ್, ಸ್ಪೀಕರ್ ಕೂಡ ಜೋತುಬಿದ್ದಿದ್ದರೆ ಕರೆಂಟ್ ಹೋದ ಕ್ಷಣದಲ್ಲೇ ಅದು ಕೈಚೆಲ್ಲುತ್ತದೆ. ಸ್ಪೀಕರ್ ಬೇರೆ ಸಾಕೆಟಿಗೆ ಸರಿಸಿ. ಹೊಸದು ಕೊಳ್ಳುವುದಾದರೆ 1000 ವಿಎ ನೋಡಿ.

ಎಸ್‌ಎಂಪಿಎಸ್ ಹೊಸದು ತರುವಾಗ ಹಿಂಬದಿಯಲ್ಲಿ 115/230ರ ಕೆಂಪು ಸ್ವಿಚ್ ಇರುವುದನ್ನು ಬಿಟ್ಟು, 100ರಿಂದ 240 ವೋಲ್ಟ್ ತಾನೇ ಹೊಂದಿಸಿಕೊಳ್ಳುವುದನ್ನು ಆರಿಸಿ. ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಓಣಿಗಳಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು. ಕೆಂಪು ಸ್ವಿಚ್ಚನ್ನು 115ಕ್ಕೆ ಯಾರೂ ತಿರುಗಿಸಕೂಡದು, ಸುಟ್ಟುಹೋಗುತ್ತದೆ. ಕಾರ್ಡಿನ 8 ಪಿನ್ ಕನೆಕ್ಟರಿಗೆ ಎಸ್‌ಎಂಪಿಎಸ್‌ನಿಂದಲೇ ಬಂದ ವೈರು ಬೇಕು. ಹಳೆಯ ಡಿಸ್ಕ್ ವೈರಿಗೆ ಅಡಾಪ್ಟರ್ ಸಿಕ್ಕಿಸಿ 8 ಪಿನ್ ಮಾಡಿದ್ದರೆ ಇವತ್ತೇ ಕಿತ್ತಿಡಿ. 8 ಪಿನ್ 150 ವ್ಯಾಟ್‌ವರೆಗೆ ಹೊರಲು ಆಗಿರುವುದು, ಆ ತೆಳು ವೈರು ಕರಗುತ್ತದೆ. ಮನೆಯ ಇನ್ವರ್ಟರಿನ ಮೇಲೆ ಕಂಪ್ಯೂಟರ್ ಓಡುತ್ತಿದ್ದರೆ ಅದು ಸೈನ್ ವೇವ್ ಆಗಿರಲಿ, ಯುಪಿಎಸ್ ಮೋಡಿನಲ್ಲಿರಲಿ. ನಾರ್ಮಲ್ ಮೋಡಿನಲ್ಲಿ ಕರೆಂಟ್ ಬದಲಾಗುವ ಹೊತ್ತು ಉದ್ದ, ಅಷ್ಟರಲ್ಲಿ ಕಂಪ್ಯೂಟರ್ ಆರಿಹೋಗಬಹುದು.

ಕಾರ್ಡಿನ ಬಗ್ಗೆಯೂ ಒಂದು ತಪಾಸಣೆ ಬಾಕಿ ಇದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಶೇಡರ್ (ಕಾರ್ಡಿನೊಳಗಿನ ಲೆಕ್ಕದ ಘಟಕ) ಸಂಖ್ಯೆ ನೋಡಿ. ನಿಜವಾದ ಆರ್‌ಎಕ್ಸ್ 580ರಲ್ಲಿ 2304 ಇರುತ್ತದೆ. 2048 ಎಂದು ತೋರಿಸಿದರೆ ಅದೇ ಹೆಸರಿನ ಕಡಿಮೆ ಬಲದ ಮಾದರಿ, ಕೊಟ್ಟ ಬೆಲೆಯ ಬಗ್ಗೆ ಮಾರಿದವರ ಜೊತೆ ಮಾತನಾಡಬಹುದು.

ಪ್ರಶ್ನೆ: ಸರ್, ನಮಸ್ಕಾರ್ರಿ. ನಮ್ ಮನ್ಯಾಗಿನ ಕಂಪ್ಯೂಟರ್‌ದಾಗ ಎಕ್ಸ್-ಪ್ಲೇನ್ 11 ಹಾಕ್ಕೊಂಡು ವಿಮಾನ ಹಾರಸ್ತೀನ್ರಿ. ಚಳಿಗಾಲದಾಗ ಛಲೋ ನಡೀತದ. ಬ್ಯಾಸಗ್ಯಾಗ ಅರ್ಧಾ ತಾಸ ಆಗೂದ್ರಾಗ ಭಾಳ ಸ್ಲೋ ಆಗಿ ಬಿಡ್ತದ. ಕಂಪ್ಯೂಟರ್ ಹಳೇದಾಯ್ತು, ಹೊಸಾದು ತಗೋ ಅಂತಾರ. ಖರೇ ಏನ್ರಿ? – ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಖರೇ ಅಲ್ಲ. ಚಳಿಗಾಲದಲ್ಲಿ ಸರಿಯಾಗಿ ಓಡುವ ಯಂತ್ರ ಬೇಸಿಗೆಯಲ್ಲಿ ಹಳೆಯದಾಗುವುದಿಲ್ಲ, ಬಿಸಿಯಾಗುತ್ತದೆ. ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಚ್ಚಿನವು 100 ಡಿಗ್ರಿ ಸಮೀಪಿಸಿದಾಗ ತಮ್ಮನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತವೆ. ಹೊರಗೆ 42 ಡಿಗ್ರಿ ಇದ್ದಾಗ, ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ ಒಳಗಿನ ಗಾಳಿಯೇ ಐವತ್ತರ ಹತ್ತಿರ ಹೋಗುತ್ತದೆ. ಫ್ಯಾನು ಬೀಸುವುದು ಅದೇ ಬಿಸಿ ಗಾಳಿಯನ್ನು. ಎಚ್‌ಡಬ್ಲ್ಯೂ-ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ, ಅರ್ಧ ತಾಸು ಹಾರಿಸಿ, ಪ್ರೊಸೆಸರಿನ ಗರಿಷ್ಠ ಉಷ್ಣಾಂಶ ಮತ್ತು 'ಥರ್ಮಲ್ ಥ್ರಾಟ್ಲಿಂಗ್' ಸಾಲು ನೋಡಿ. ಅಲ್ಲಿ 'ಯೆಸ್' (Yes) ಎಂದಿದ್ದರೆ ನಿಮ್ಮ ಖರ್ಚು ಹೊಸ ಕಂಪ್ಯೂಟರಿನದ್ದಲ್ಲ, ಒಂದು ಟ್ಯೂಬ್ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಮತ್ತು ಎರಡು ಫ್ಯಾನಿನದ್ದು.

ಕಂಪ್ಯೂಟರ್ ಆಫ್ ಮಾಡಿ, ವೈರು ಕಿತ್ತು, ಅಂಗಳಕ್ಕೆ ಒಯ್ದು ಬ್ಲೋವರಿನಿಂದ ಧೂಳು ತೆಗೆಯಿರಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಇಲ್ಲದಿದ್ದರೆ ವೇಗವಾಗಿ ತಿರುಗಿ ಬೇರಿಂಗ್ ಕೆಡುತ್ತದೆ. ಮೇಲಿನ ಫ್ಯಾನ್ ಶುಭ್ರವಾಗಿ ಕಂಡರೂ ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಹಾಸಿರುತ್ತದೆ, ಕೂಲರ್ ಬಿಚ್ಚದೆ ಅದು ಕಾಣುವುದೇ ಇಲ್ಲ. ಬಿಚ್ಚಿದ ಮೇಲೆ ಹಳೆಯ ಒಣ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ನಡುವೆ ಒಂದು ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಹರಡುವುದು ಬೇಡ, ಕೂಲರಿನ ಒತ್ತಡವೇ ಹರಡುತ್ತದೆ. ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಒತ್ತಿ, ನಾಲ್ಕೂ 'ಟಕ್' ಎಂದು ಕೂತವೇ ಎಂದು ಬೋರ್ಡಿನ ಹಿಂಬದಿಯಿಂದ ನೋಡಿ. ಒಂದು ಪಿನ್ ಸಡಿಲವಿದ್ದರೂ ಕೂಲರ್ ವಾರೆಯಾಗಿ ಕೂತು ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಪೇಸ್ಟ್ ಹಾಕಿದ ಮೇಲೂ ಸರಿಹೋಗಲಿಲ್ಲ ಎನ್ನುವವರಲ್ಲಿ ನಾವು ಮೊದಲು ಕೇಳುವುದು ಈ ಪಿನ್ನಿನ ವಿಷಯವನ್ನೇ.

120 ಮಿಲಿಮೀಟರಿನ ಒಂದು ಫ್ಯಾನ್ ಮುಂದೆ, ಗಾಳಿ ಒಳಗೆ ಎಳೆಯುವಂತೆ. ಇನ್ನೊಂದು ಹಿಂದೆ, ಹೊರಗೆ ತಳ್ಳುವಂತೆ. ಮುಂದಿನದಕ್ಕೆ ತೆಳು ಜಾಲರಿ ಹಾಕಿ ತಿಂಗಳಿಗೊಮ್ಮೆ ತೊಳೆಯಿರಿ. ಕ್ಯಾಬಿನೆಟ್ಟನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಕೋಣೆ ತಂಪು ಮಾಡುವ ನೀರಿನ ಕೂಲರಿನ ಗಾಳಿ ನೇರ ಕಂಪ್ಯೂಟರಿಗೆ ಬಡಿಯುವುದು ಬೇಡ, ಹಸಿ ಗಾಳಿಗೆ ಧೂಳು ಪಟ್ಟಿಗಳಿಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಕೋಣೆ ತಂಪಾದರೆ ಸಾಕು.

ಪ್ರಶ್ನೆ: ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳು ನಮ್ಮ ಮನೆಯ ಮೇಲೆ ಹಾರುವುದನ್ನು ನೋಡಿ ನೋಡಿ ಎಂಟನೇ ತರಗತಿಯ ಮಗಳು ತಾನೂ ಹಾರಿಸಬೇಕು ಅನ್ನುತ್ತಾಳೆ. ಮನೆಯಲ್ಲಿ ಐ3-2120, 4 ಜಿಬಿ ರ್ಯಾಮಿನ ಹಳೆಯ ಕಂಪ್ಯೂಟರ್ ಇದೆ, ಬೇರೆ ಕಾರ್ಡ್ ಇಲ್ಲ. ಮೂರು-ನಾಲ್ಕು ಸಾವಿರದಲ್ಲಿ ಏನಾದರೂ ಆಗುತ್ತದೆಯೇ? – ಬೀದರ

ಉತ್ತರ: ಖಂಡಿತ ಆಗುತ್ತದೆ, ಹೊಸ ಸಿಮ್ಯುಲೇಟರಿನ ಆಸೆ ಬಿಟ್ಟರೆ. 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಈ ಯಂತ್ರಕ್ಕೆ ತಕ್ಕದ್ದು. ಅದು 32 ಬಿಟ್ಟಿನ ತಂತ್ರಾಂಶವಾದ್ದರಿಂದ 4 ಜಿಬಿಗಿಂತ ಹೆಚ್ಚು ರ್ಯಾಮ್ ಬಳಸಲಾರದು. ವಿಂಡೋಸಿಗೂ ಸೇರಿ ಒಟ್ಟು 8 ಜಿಬಿ ಇದ್ದರೆ ಸಾಕು, ಅದಕ್ಕಿಂತ ಮೇಲೆ ಹಾಕಿದ್ದು ವ್ಯರ್ಥ. ಡಿಡಿಆರ್3ರ 4 ಜಿಬಿ ಸ್ಟಿಕ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ಮಿಕ್ಕ ಹಣಕ್ಕೆ ಬಳಸಿದ ಜಿಟಿ 1030 ಕಾರ್ಡ್ ನೋಡಿ. ಅದಕ್ಕೆ 30 ವ್ಯಾಟ್ ಸಾಕು, ಬೇರೆ ವೈರು ಬೇಡ, ಹಳೆಯ ಎಸ್‌ಎಂಪಿಎಸ್ ತಡೆದುಕೊಳ್ಳುತ್ತದೆ. ಆದರೆ ಜಿಟಿ 1030 ಎರಡು ಬಗೆಯಲ್ಲಿದೆ: ಜಿಡಿಡಿಆರ್5 ಮೆಮೊರಿಯದು ಮತ್ತು ಡಿಡಿಆರ್4ರದು. ಎರಡನೆಯದರ ಮೆಮೊರಿ ವೇಗ ಮೊದಲಿನದರ ಅರ್ಧಕ್ಕಿಂತ ಕಡಿಮೆ. ಡಬ್ಬಿಯ ಮೇಲಿನ ಅಕ್ಷರ ಓದಿಯೇ ಹಣ ಕೊಡಿ.

ಆ ತಂತ್ರಾಂಶದಲ್ಲಿ ಕಲಬುರಗಿ ನಿಲ್ದಾಣ ಇರುವುದಿಲ್ಲ, ಅದು ಬಂದಾಗ ನಿಲ್ದಾಣವೇ ಇರಲಿಲ್ಲ. ಹಣ ಕೊಡದೆ ಕಲಿಯಲು ಫ್ಲೈಟ್‌ಗೇರ್ ಇದೆ, ಮುಕ್ತ ತಂತ್ರಾಂಶ, ಲಿನಕ್ಸಿನಲ್ಲೂ ಓಡುತ್ತದೆ. ಅದರ ಹಿಂದಿನ ಆವೃತ್ತಿ ಹಾಕಿ, ಮರ ಮತ್ತು ಮೋಡದ ಸಾಂದ್ರತೆ ಇಳಿಸಿ. ಸೂರ್ಯಕಿರಣದ ಹಾಕ್ ವಿಮಾನಕ್ಕಿಂತ ಮೊದಲು ಸೆಸ್ನಾ 172ರಲ್ಲಿ ನೇರ ಹಾರುವುದು, ಎತ್ತರ ಕಾಯುವುದು, ಇಳಿಯುವುದು ಕೈಗೆ ಬರಲಿ. ವಾಯುಪಡೆಯ ಪೈಲಟ್‌ಗಳ ತರಬೇತಿಯೂ ನಿಧಾನದ ವಿಮಾನದಿಂದಲೇ ಶುರುವಾಗುತ್ತದೆ.

ಪ್ರಶ್ನೆ: ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಫ್ಲೈಟ್ ಸಿಮ್ಯುಲೇಟರ್ 2020 ಆಡಬಹುದೇ? 2024ರ ಆವೃತ್ತಿ? – ಸುರಪುರ

ಉತ್ತರ: 2020 ನಡೆಯುತ್ತದೆ, ಕನಿಷ್ಠ 5 ಎಂಬಿಪಿಎಸ್ ಸಾಕು. ಡೇಟಾ ವಿಭಾಗದಲ್ಲಿ ಫೋಟೊಗ್ರಾಮೆಟ್ರಿ (ಫೋಟೊಗಳಿಂದ ಕಟ್ಟಿದ ನಗರಗಳ ಮಾದರಿ) ಆಫ್ ಮಾಡಿ, ರೋಲಿಂಗ್ ಕ್ಯಾಶ್ (ಇಳಿದ ಚಿತ್ರಗಳನ್ನು ಕೂಡಿಡುವ ಜಾಗ) ಎಸ್‌ಎಸ್‌ಡಿ ಮೇಲಿರಲಿ. ಒಮ್ಮೆ ಹಾರಿದ ನೆಲದ ಚಿತ್ರ ಮತ್ತೆ ಇಳಿಯಬೇಕಾಗುವುದಿಲ್ಲ. ಅಲ್ಲೇ ಡೇಟಾ ಮಿತಿಯನ್ನೂ ಹಾಕಬಹುದು. 2024ರ ಆವೃತ್ತಿ ಡಿಸ್ಕಿನಲ್ಲಿ ಜಾಗ ಕಡಿಮೆ ಕೇಳುತ್ತದೆ, 50 ಜಿಬಿ. ಮಿಕ್ಕಿದ್ದನ್ನು ಹಾರುತ್ತಲೇ ಇಳಿಸಿಕೊಳ್ಳುತ್ತದೆ. ಅದಕ್ಕೆ ಶಿಫಾರಸು 50 ಎಂಬಿಪಿಎಸ್. ಮನೆಗೆ ಫೈಬರ್ ಬರುವವರೆಗೆ 2020ರಲ್ಲೇ ಇರಿ.

ಪ್ರಶ್ನೆ: ಹೊಸ ಜಾಯ್‌ಸ್ಟಿಕ್ ತಂದೆ. ರನ್‌ವೇ ಮೇಲೆ ಸೆಸ್ನಾ ತಾನಾಗಿ ಎಡಕ್ಕೆ ಎಳೆಯುತ್ತದೆ. ವಾಪಸ್ ಕೊಡಲೇ? – ಕಲಬುರಗಿ

ಉತ್ತರ: ವಿಂಡೋಸಿನ ಗೇಮ್ ಕಂಟ್ರೋಲರ್ ಪರದೆ ತೆರೆದು, ಕೈ ಬಿಟ್ಟಾಗ ಕೂಡು ಗುರುತು (+) ನಡುವೆ ನಿಲ್ಲುತ್ತದೆಯೇ ನೋಡಿ. ನಡುಗುತ್ತಿದ್ದರೆ ಕ್ಯಾಲಿಬ್ರೇಷನ್ ಮಾಡಿ, ಸಿಮ್ಯುಲೇಟರಿನಲ್ಲಿ 5 ಶೇಕಡಾ ಡೆಡ್ ಝೋನ್ (ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ನಡುವಿನ ಜಾಗ) ಕೊಡಿ, ಯುಎಸ್‌ಬಿಯನ್ನು ಬೋರ್ಡಿನ ಹಿಂದಿನ ಪೋರ್ಟಿಗೆ ಬದಲಿಸಿ. ಆಮೇಲೂ ಒಂದು ಬದಿಗೆ ಜಾರಿಯೇ ನಿಂತರೆ ವಾಪಸ್ ಕೊಡಿ.

ನಡುವೆ ಸ್ಥಿರವಾಗಿ ನಿಂತರೆ ಜಾಯ್‌ಸ್ಟಿಕ್ ಸರಿಯಿದೆ. ಸೆಸ್ನಾದ ಪ್ರೊಪೆಲ್ಲರ್ ಪೈಲಟ್ ಕಡೆಯಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ, ಅದರ ಪ್ರತಿಬಲ ಮತ್ತು ಸುತ್ತಿ ಬರುವ ಗಾಳಿ ಪೂರ್ತಿ ಥ್ರಾಟಲಿನಲ್ಲಿ ಮೂತಿಯನ್ನು ಎಡಕ್ಕೆ ತಳ್ಳುತ್ತವೆ. ನಿಜವಾದ ವಿಮಾನದಲ್ಲೂ ಹೀಗೇ. ಥ್ರಾಟಲನ್ನು ಮೂರು-ನಾಲ್ಕು ಸೆಕೆಂಡಿನಲ್ಲಿ ನಿಧಾನ ಏರಿಸಿ, ಜೊತೆಜೊತೆಗೆ ಸ್ಟಿಕ್ಕನ್ನು ಸ್ವಲ್ಪ ಬಲಕ್ಕೆ ತಿರುವಿ ರಡ್ಡರ್ ಕೊಡಿ. ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗಿಂತ ಉದ್ದ, 45 ಮೀಟರ್ ಅಗಲ. ಸೆಸ್ನಾಗೆ ಅದರ ಕಾಲು ಭಾಗವೂ ಬೇಡ. ಅವಸರವಿಲ್ಲದೆ ನಡುಗೆರೆ ಹಿಡಿದು ಓಡಿಸುವುದನ್ನು ಕಲಿಯಲು ಅಲ್ಲಿ ಜಾಗ ಧಾರಾಳವಾಗಿದೆ.